ಶೇಖಮ್ಮನ ಚಾಬೂಕು, ಉರುಕುಂದಪ್ಪನ ಬೆನ್ನು

ಚಟ್ಟದ ಬಿದಿರಿಗೆ ಮೂರನೆಯ ಗಂಟು ಬಿಗಿಯುತ್ತಿದ್ದ ಉರುಕುಂದಪ್ಪನ ಕೈಯಿಂದ ಹಗ್ಗ ಜಾರಿತು.

"ಕೊಡು ಇಲ್ಲಿ," ಎಂದು ಪೀರಾ ಸಾಬ್ ಹಗ್ಗ ಕಸಿದುಕೊಂಡ. "ಆರು ವರ್ಷ ದಿನಾ ಹಗ್ಗದಾಗ ಕೈ ಕಟ್ಟಿಸ್ಕೊಂಡಾಂವ ನೀನು. ಒಂದು ಗಂಟು ಹಾಕಾಕ ಬರಲ್ಲೇನು?"

ಸುದ್ದಿ ತಿಳಿದ ಕೂಡಲೇ ಇಬ್ಬರೂ ರಾಯಚೂರಿನಿಂದ ಮೊದಲ ಬಸ್ಸು ಹಿಡಿದು ಮಾನ್ವಿಗೆ ಬಂದಿದ್ದರು. ಹತ್ತು ವರ್ಷದ ಹಿಂದೆ ಮುಚ್ಚಿಹೋದ ನಾಟಕ ಕಂಪನಿಯಲ್ಲಿ ಪೀರಾ ಸಾಬ್ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ. ಉರುಕುಂದಪ್ಪ ಏಟು ತಿನ್ನುತ್ತಿದ್ದ. ಏಟು ಹೊಡೆಯುತ್ತಿದ್ದ ಶೇಖಮ್ಮ ಈಗ ಒಳಗೆ, ಹೊಸ ಸೀರೆ ಉಟ್ಟು, ಕಣ್ಣು ಮುಚ್ಚಿ ಮಲಗಿದ್ದಳು.

'ಚಾಬೂಕಿನ ಚಂದ್ರವ್ವ' ನಾಟಕವೆಂದರೆ ಆಗ ಜಿಲ್ಲೆಯ ಗಂಡಸರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಕತೆಯೇನೂ ದೊಡ್ಡದಲ್ಲ. ಗಂಡನನ್ನು ಕೊಂದ ಸರದಾರನನ್ನು ಚಂದ್ರವ್ವ ಕಂಬಕ್ಕೆ ಕಟ್ಟಿಸಿ ಚಾಬೂಕಿನಿಂದ ಹೊಡೆಯುತ್ತಾಳೆ. ಆ ಒಂದು ದೃಶ್ಯಕ್ಕಾಗಿ ಮುಂದಿನ ಸಾಲಿನ ಕುರ್ಚಿಗೆ ಜಗಳವಾಗುತ್ತಿತ್ತು. ಅದನ್ನು ನೋಡುತ್ತ ಕೆಲವರ ಉಸಿರಾಟವೇ ಬೇರೆಯಾಗುತ್ತಿತ್ತು. ಕಂಪನಿಯವರಿಗೆಲ್ಲ ಅದು ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

ಬಾಗಿಲ ಬಳಿ ನೀರು ಕಾಯಿಸುತ್ತಿದ್ದ ಓಣಿಯ ಕರೆಮ್ಮನಿಗೆ ಮಾತ್ರ ಆಡದೆ ಇರಲಾಗಲಿಲ್ಲ. "ಖರೇ ಏನ್ರೀ ಪೀರಾ ಸಾಬ್, ದೊಡ್ಡ ದೊಡ್ಡ ಮಂದಿ ಬಂದು, ನನಗೂ ಹೊಡಿ ಅಂತ ಕಾಲಿಗಿ ಬೀಳ್ತಿದ್ರಂತ?"

"ಒಬ್ಬ ಗುತ್ತೇದಾರ ಬಂದಿದ್ದ ಯವ್ವಾ. ಕೈಯಾಗ ನೂರರ ನೋಟು. ಶೇಖಮ್ಮ ಏನಂದ್ಲು ಗೊತ್ತೇನು? 'ಬರ್ರಿ ಸಾಹುಕಾರ್ರೆ. ಖಾಲಿ ಖೋಲ್ಯಾಗ ಆಗಲ್ಲ. ಸ್ಟೇಜ್ ಮ್ಯಾಲೆ ಬರ್ರಿ, ದೀಪ ಹಚ್ಚಿಸ್ತೀನಿ, ಪೇಟಿಯವರನ್ನ ಕರಸ್ತೀನಿ. ಒಂದು ತಿಂಗಳು ತಾಲೀಮು ಮಾಡಬೇಕು. ತಾಲೀಮು ಇಲ್ಲದಾಂವನ ಮ್ಯಾಲೆ ನಾ ಕೈ ಎತ್ತಲ್ಲ.' ಅಂವ ಚಪ್ಪಲಿ ಬಿಟ್ಟು ಓಡಿದ!"

ಹೆಂಗಸರು ಸಾವಿನ ಮನೆಯೆಂಬುದನ್ನೂ ಮರೆತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗದೆ ಉಳಿದವನು ಒಬ್ಬನೇ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತಿದ್ದ ಮೂಕಪ್ಪ. ಶೇಖಮ್ಮನ ಒಡಹುಟ್ಟಿದ ಅಣ್ಣ. ಹೆಸರಿಗಷ್ಟೇ ಮೂಕಪ್ಪ.

ಒಳಗಿನಿಂದ ಅಮರಮ್ಮ ಬಂದಳು. ಮೂಕಪ್ಪ, ಶೇಖಮ್ಮ ಇಬ್ಬರ ತಂಗಿಯ ಮಗಳು, ತಬ್ಬಲಿ. ಶೇಖಮ್ಮ ಸಾಕಿ, ಓದಿಸಿ, ದವಾಖಾನೆಯಲ್ಲಿ ನರ್ಸ್ ಮಾಡಿದ್ದಳು. "ಮಾವಾ, ಹೊತ್ತೇರಾಕತ್ತದ. ನಾಕು ಮಂದಿ ಹೆಗಲು ಬೇಕು. ಏಳ್ರಿ."

"ನಾ ಏಳಲ್ಲ," ಎಂದ ಮೂಕಪ್ಪ. "ನಾನಷ್ಟೇ ಅಲ್ಲ, ಈ ಓಣ್ಯಾಗಿನ ಒಬ್ಬ ಗಂಡಸೂ ಏಳಲ್ಲ. ಗಂಡಸರ ಬೆನ್ನು ಸುಲದಾಕಿ ಆಕಿ. ಬದುಕಿದ್ದಾಗ ಬೆನ್ನ ಮ್ಯಾಲೆ ಹೊಡದ್ಲು, ಸತ್ತ ಮ್ಯಾಲೆ ಹೆಗಲ ಮ್ಯಾಲೆ ಏರಿದ್ಲು ಅಂತ ಊರು ನಗಬೇಕೇನು? ಬಂಡ್ಯಾಗ ಹಾಕ್ಕೊಂಡು ಒಯ್ರಿ."

ಅವನ ಹಿಂದೆ ನಿಂತ ಏಳೆಂಟು ಜನ ನೆಲ ನೋಡಿದರು. ಹೆಗಲಿಲ್ಲದೆ ಬಂಡಿಯಲ್ಲಿ ಹೋಗುವುದೆಂದರೆ ಹಿಂದೆ ಮುಂದೆ ಯಾರೂ ಇಲ್ಲದ ಹೆಣ ಹೋದಂತೆ.

"ಈ ಉರುಕುಂದಪ್ಪನ್ನ ಕೇಳ್ರಿ," ಎಂದು ಮೂಕಪ್ಪ ಬೆರಳು ತೋರಿಸಿದ. "ಇದೇ ಮಾನ್ವಿ ಕ್ಯಾಂಪಿನ್ಯಾಗ ಬೆನ್ನಿಗಿ ಅರಿಶಿಣದ ಪಟ್ಟಿ ಕಟ್ಕೊಂಡು ತಿರಗ್ತಿದ್ದ. ನಾ ಕಣ್ಣಾರೆ ನೋಡೀನಿ. ಆ ಬೆನ್ನಿನ ಪಾಪ ನಾ ಹೊರಬೇಕೇನು?"

ಉರುಕುಂದಪ್ಪ ಪಟ್ಟಿ ಕಟ್ಟಿಕೊಂಡಿದ್ದು ನಿಜ. ಆ ಪಟ್ಟಿಯ ಕೆಳಗೆ ಏನಿತ್ತು ಎಂಬುದು ಎರಡೇ ಜೀವಕ್ಕೆ ಗೊತ್ತಿತ್ತು. ಅದರಲ್ಲಿ ಒಂದು ಒಳಗೆ ಮಲಗಿತ್ತು.

*

ದೇವದುರ್ಗದಲ್ಲಿ ಕಂಪನಿ ಡೇರೆ ಹಾಕಿದ್ದ ಎಪ್ಪತ್ತೆರಡನೆಯ ಇಸವಿ. ಮೊದಲ ದಿನದ ತಾಲೀಮಿಗೆ ಬೆಳಿಗ್ಗೆ ಒಬ್ಬನೇ ಬಂದ ಉರುಕುಂದಪ್ಪ ಚಾಬೂಕು ನೋಡಿಯೇ ಬೆವತಿದ್ದ. ಶೇಖಮ್ಮ ಅವನತ್ತ ನೋಡಲೂ ಇಲ್ಲ. ಸೀಳಿದ ಕೋಲಿಗೆ ಒಂದು ವೀಳ್ಯದೆಲೆ ಸಿಕ್ಕಿಸಿ ಆರು ಹೆಜ್ಜೆ ಹಿಂದೆ ಸರಿದಳು. ಕೈ ಎತ್ತಿದ್ದು ಕಾಣಿಸಿತು, ಇಳಿದದ್ದು ಕಾಣಿಸಲಿಲ್ಲ. ಛಟೀರೆಂದಿತು. ಎಲೆಯ ತುದಿಯಷ್ಟೇ ಕತ್ತರಿಸಿ ಕೆಳಗೆ ಬಿತ್ತು. ಕೋಲು ಅಲುಗಲಿಲ್ಲ.

"ಸದ್ದು ಗಾಳಿದು," ಎಂದಳು. "ಬೆನ್ನಿಂದ ಒಂದು ಗೇಣು ಹಿಂದ ಗಾಳಿಗಿ ಹೊಡಿತೀನಿ. ನೀ ಏಟು ಬಿದ್ದಂಗ ಜಿಗಿಬೇಕು. ಮಂದಿಗಿ ನಿನ್ನ ಜಿಗಿತ ಕಾಣ್ತದ, ನನ್ನ ಗೇಣು ಕಾಣಲ್ಲ."

ಆಮೇಲೆ ಒಂದು ಡಬ್ಬಿ ತೆರೆದು ಚಾಬೂಕಿನ ತುದಿಯನ್ನು ಸುಣ್ಣದ ಪುಡಿಯಲ್ಲಿ ಅದ್ದಿದಳು. ಅವನಿಗೆ ಕರಿ ಅಂಗಿ ಕೊಟ್ಟಳು. "ತಾಗಿದ್ರ ಬಿಳಿ ಗುರುತು ಬೀಳ್ತದ. ಆಟ ಮುಗಿದ ಮ್ಯಾಲೆ ದಿನಾ ನೋಡ್ತೀನಿ. ಗುರುತು ಬಿದ್ದ ದಿನ ನಾ ಈ ಚಾಬೂಕು ಕೆಳಗಿಡ್ತೀನಿ."

"ಮತ್ತ ಖರೇನೇ ಏನಾದ್ರೂ ಆದ್ರ? ನಾ ಸಾಕು ಅಂದ್ರ?"

"ಸಾಕು, ಬಿಡು, ಸತ್ತೆ ಅನ್ನೋದು ನಾಟಕದಾಗೇ ಅದ. ಅದಕ್ಕ ನಾ ನಿಲ್ಲಲ್ಲ. ನಾಟಕದಾಗ ಇಲ್ಲದ ಮಾತು ಬೇಕು." ಒಂದು ಗಳಿಗೆ ಯೋಚಿಸಿ ತನ್ನ ಹುಟ್ಟೂರಿನ ಹೆಸರು ಹೇಳಿದಳು. "ಚೀಕಲಪರ್ವಿ ಅನ್ನು. ಅಂದ್ರ ಆ ಕ್ಷಣಕ್ಕ ನಿಲ್ಲಸ್ತೀನಿ. ಕಲೆಕ್ಟರ್ ಮುಂದ ಕುಂತಿದ್ರೂ ನಿಲ್ಲಸ್ತೀನಿ."

ಅಂದಿನಿಂದ ಪ್ರತಿ ಆಟ ಮುಗಿದು ಉಳಿದವರು ಊಟಕ್ಕೆ ಹೋದ ಮೇಲೆ ಅವಳು ಕಂದೀಲು ಹಿಡಿದು, ಹುಬ್ಬು ಗಂಟಿಕ್ಕಿ, ಅವನ ಬೆನ್ನಿನ ಅಂಗಿಯನ್ನು ಇಂಚಿಂಚು ನೋಡುತ್ತಿದ್ದಳು. ನೋಡಿ ಮುಗಿಸಿ, "ಹೋಗು, ಉಣ್ಣು," ಎನ್ನುತ್ತಿದ್ದಳು. ಉರುಕುಂದಪ್ಪ ದೇವರ ಗುಡಿಯಲ್ಲೂ ಅಷ್ಟು ಭಯಭಕ್ತಿಯಿಂದ ನಿಂತವನಲ್ಲ.

ಮಾಲಕರು ಅವಳಿಗೆ ಆಟಕ್ಕೆ ಎಂಟು ರೂಪಾಯಿ ಕೊಡುತ್ತಿದ್ದರು. ಅವನಿಗೆ ಹದಿನೆಂಟು. ಪಾತ್ರಕ್ಕೆ ಎಂಟು, ಪೆಟ್ಟಿಗೆ ಹತ್ತು. ಮೈ ಕೊಡುವವನಿಗೆ ಜಾಸ್ತಿ ಬೇಕಲ್ಲವೇ ಎಂದು ಮಾಲಕರ ನ್ಯಾಯ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೈ ಅವಳದು, ಮೊಸರುಂಡ ಬಾಯಿ ಇವನದು. ಮಂದಿ ನಂಬಲಿ ಎಂದು ಇವನು ಬೆನ್ನಿಗೆ ಅರಿಶಿಣದ ಪಟ್ಟಿ ಬೇರೆ ಕಟ್ಟಿಕೊಂಡ. ಹೋಟೆಲಿನಲ್ಲಿ ನರಳುತ್ತ ಕೂತರೆ ಯಾರಾದರೂ ಚಹಾ ಕುಡಿಸುತ್ತಿದ್ದರು.

*

ಎಪ್ಪತ್ತಾರರ ರಾಯಚೂರು ಕ್ಯಾಂಪಿನಲ್ಲಿ ರವಿವಾರ ಮಧ್ಯಾಹ್ನವೂ ಆಟವಿರುತ್ತಿತ್ತು. ಅಂಥ ಒಂದು ಆಟದಲ್ಲಿ, ಮೈ ಸುಡುವ ಜ್ವರದಲ್ಲಿ ಕಂಬಕ್ಕೆ ಕಟ್ಟಿಸಿಕೊಂಡಿದ್ದ ಉರುಕುಂದಪ್ಪನಿಗೆ ಕಣ್ಣು ಕತ್ತಲಿಟ್ಟಿತು. "ಚೀಕಲಪರ್ವಿ," ಎಂದ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಎತ್ತಿದ ಚಾಬೂಕು ಎತ್ತಿದಲ್ಲೇ ಅವಳ ಕೈಬಿಟ್ಟು ನೆಲಕ್ಕೆ ಬಿತ್ತು. ತುಂಬಿದ ಡೇರೆ ಸಿಳ್ಳೆ ಹಾಕಿತು, ಕುರ್ಚಿ ಮುರಿಯಿತು. ಶೇಖಮ್ಮ ಯಾರತ್ತಲೂ ನೋಡದೆ ಹಗ್ಗ ಬಿಚ್ಚಿ ಅವನನ್ನು ಒಳಗೆ ಒಯ್ದು ನೀರು ಕುಡಿಸಿದಳು.

ಮರುದಿನ ಬೆಳಿಗ್ಗೆ ಮಾಲಕರು ಆಟ ನಿಲ್ಲಿಸಿದ್ದಕ್ಕೆ ಅವಳ ಎಂಟು ರೂಪಾಯಿ ಹಿಡಿದುಕೊಂಡರು. ಅವನ ಹದಿನೆಂಟು ಹಾಗೇ ಕೊಟ್ಟರು. ಅಂದು ಮೊದಲ ಬಾರಿ ಶೇಖಮ್ಮ ಕೇಳಿದಳು.

"ಮಾಲಕ್ರೆ, ಅಂವಗ ಕೊಟ್ಟಷ್ಟು ನನಗ ಯಾಕಿಲ್ಲ?"

"ಅಂವ ಪೆಟ್ಟು ತಿಂತಾನ ತಂಗಿ. ಕೈ ಬೀಸಾಕ ಏನು ಖರ್ಚದ ನಿನಗ?"

"ಅಂವ ಒಂದು ಪೆಟ್ಟೂ ತಿಂದಿಲ್ಲ. ತಿನ್ನದಂಗ ಹೊಡಿಯೋದ ನನ್ನ ಕೆಲಸ." ಅವಳು ಉರುಕುಂದಪ್ಪನತ್ತ ತಿರುಗಿದಳು. ದನಿ ಏರಿರಲಿಲ್ಲ. "ಉರುಕುಂದಾ, ಅಂಗಿ ಬಿಚ್ಚಿ ಬೆನ್ನು ತೋರಸು."

ಮಾಲಕರೂ ನೋಡಿದರು. ಅವರಿಗೆ ಒಳಗೊಳಗೇ ಗೊತ್ತಿತ್ತೋ ಏನೋ. ಗೊತ್ತಿದೆ ಎಂದರೆ ಕೊಡಬೇಕಾಗುತ್ತಿತ್ತಲ್ಲ! ಉರುಕುಂದಪ್ಪನ ಕೈ ಗುಂಡಿಯವರೆಗೆ ಹೋಯಿತು. ಬೆನ್ನು ಕಂಡರೆ ಹತ್ತು ರೂಪಾಯಿ ಹೋಯಿತು. ಮನೆಯಲ್ಲಿ ಉಣ್ಣುವ ಬಾಯಿ ಐದು.

"ಬ್ಯಾನಿ ಭಾಳ ಅದ," ಎಂದ. "ಅಂಗಿ ಬಿಚ್ಚಾಕ ಬರಲ್ಲ."

ಒಂದು ಬೈಗುಳವಿಲ್ಲ, ಒಂದು ಹನಿ ಕಣ್ಣೀರಿಲ್ಲ. ಶೇಖಮ್ಮ ಹೊರಟುಹೋದಳು.

ಮುಂದಿನ ಆಟಕ್ಕೆ ಉರುಕುಂದಪ್ಪ ಕಂಬದ ಮುಂದೆ ನಿಂತ. ಇಂದು ಬೀಳುತ್ತದೆ ಎಂದು ಗೊತ್ತಿತ್ತು. ಬೀಳಬೇಕಾದದ್ದೇ ಎಂದೂ ಅನಿಸಿತು. ಹಲ್ಲು ಕಚ್ಚಿ ಕಾದ. ಛಟೀರ್. ಬೀಳಲಿಲ್ಲ. ಛಟೀರ್. ಕುತ್ತಿಗೆಯ ಕೂದಲಿಗೆ ಗಾಳಿಯಷ್ಟೇ ತಾಗಿತು. ಇಪ್ಪತ್ತೊಂದು ಏಟು ಮುಗಿದವು. ಪರದೆ ಬಿದ್ದ ಮೇಲೆ ಅವಳು ಎಂದಿನಂತೆ ಕಂದೀಲು ಹಿಡಿದು ಬಂದಳು, ಹುಬ್ಬು ಗಂಟಿಕ್ಕಿ ಬೆನ್ನು ನೋಡಿದಳು. ಕರಿ ಅಂಗಿಯ ಮೇಲೆ ಸಾಸಿವೆಯಷ್ಟೂ ಬಿಳಿಯಿರಲಿಲ್ಲ.

"ಹೋಗು, ಉಣ್ಣು."

ಅವತ್ತು ಅವನಿಗೆ ಅನ್ನ ಇಳಿಯಲಿಲ್ಲ. ಎಂಥ ಹೆಂಗಸು! ಎಂಥ ಕೈ! ಸಿಟ್ಟು ಮನಸ್ಸಿನಲ್ಲಿರಬಹುದು, ಮಣಿಕಟ್ಟಿಗೆ ಇಳಿಯಬಾರದು ಎಂದು ಅವಳು ಯಾವ ದೇವರ ಮುಂದೆ ಆಣೆ ಮಾಡಿದ್ದಳೋ. ಅದಾದ ಮೇಲೂ ಎರಡು ವರ್ಷ ಆಟ ನಡೆಯಿತು. ಅವಳ ಎಂಟು ಎಂಟಾಗಿಯೇ ಉಳಿಯಿತು. ಅವಳು ಮತ್ತೆ ಕೇಳಲಿಲ್ಲ.

*

"ಬಂಡಿ ಹೂಡಸ್ರಿ," ಎಂದು ಯಾರೋ ಅಂದರು.

"ತಡೀರಿ." ಉರುಕುಂದಪ್ಪ ಎದ್ದು ನಿಂತಿದ್ದ. ಅವನ ಬೆರಳು ಅಂಗಿಯ ಮೇಲಿನ ಗುಂಡಿ ಬಿಚ್ಚಿತು, ಆಮೇಲೆ ಎರಡನೆಯದು. ಪೀರಾ ಸಾಬ್ ಬಾಯಿ ತೆರೆದು ನೋಡುತ್ತಿದ್ದ. ಅಂಗಿ ಕಳಚಿ, ಬನಿಯನ್ನೂ ಎಳೆದು ತೆಗೆದು, ಉರುಕುಂದಪ್ಪ ಬೇವಿನ ಮರದ ಕಡೆಗೆ ಬೆನ್ನು ತಿರುಗಿಸಿ ಬಿಸಿಲಿಗೆ ನಿಂತ.

"ಆರು ವರ್ಷ. ವಾರಕ್ಕ ಐದು ಆಟ. ಆಟಕ್ಕ ಇಪ್ಪತ್ತೊಂದು ಏಟು. ಒಂದೇ ಒಂದು ಬಾಸುಂಡಿ ಗುರ್ತು ತೋರಸು ಮೂಕಪ್ಪಾ, ನಾನೇ ಬಂಡಿ ಹೂಡ್ತೀನಿ."

ಮೂಕಪ್ಪ ಕಲ್ಲಿನಿಂದ ಎದ್ದು ಹತ್ತಿರ ಬಂದ. ಮುದಿಯಾಗಿ ಸುಕ್ಕುಬಿದ್ದ ಆ ಬೆನ್ನಿನ ಮೇಲೆ ಕೈಯಾಡಿಸಿದ. ಕುತ್ತಿಗೆಯಿಂದ ಸೊಂಟದವರೆಗೆ ಒಂದು ಗೆರೆಯಿಲ್ಲ.

"ಮತ್ತ ಆ ಅರಿಶಿಣದ ಪಟ್ಟಿ?"

"ನಾನೇ ಕಟ್ಕೊಂಡಿದ್ದು. ಪೆಟ್ಟಿನ ರೊಕ್ಕಕ್ಕ." ಉರುಕುಂದಪ್ಪ ಅವನತ್ತ ತಿರುಗಿದ. "ಆಕಿ ಮೈ ಮುಟ್ಟದಂಗ ಹೊಡಿತಿದ್ಲು, ನಾ ಹೊಡಿಸ್ಕೊಂಡೆ ಅಂತ ಆಕಿಗಿಂತ ಜಾಸ್ತಿ ತಗೊಂಡೆ. ಬೆನ್ನು ತೋರಸು ಅಂತ ಒಂದೇ ಒಂದು ಸಲ ಕೇಳಿದ್ಲು. ತೋರಸಲಿಲ್ಲ. ಆ ಪಾಪ ನಂದು, ಆಕಿದಲ್ಲ."

ಪೀರಾ ಸಾಬ್ ಹಗ್ಗ ಕೆಳಗಿಟ್ಟ. "ಯಾ ಅಲ್ಲಾ! ಆರು ವರ್ಷ ಬಾಜೂಕೇ ಕುಂತು ಪೇಟಿ ಬಾರಿಸೀನಿ. ನನಗೂ ತಿಳಿಲಿಲ್ಲಲ್ಲೋ."

ಮೂಕಪ್ಪ ತಂಗಿ ಮಲಗಿದ್ದ ಬಾಗಿಲ ಕಡೆಗೆ ಬಹಳ ಹೊತ್ತು ನೋಡಿದ. ಹೆಸರಿಗೆ ತಕ್ಕಂತೆ ಅವನು ಮೂಕನಾದದ್ದು ಅದೊಂದೇ ಸಲವಿರಬೇಕು. ಆಮೇಲೆ ಟವಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಚಟ್ಟದ ಹಿಂದಿನ ಬಿದಿರಿನ ಬಳಿ ಹೋಗಿ ನಿಂತ. ಅವನ ಹಿಂದೆ ಇದ್ದವರಲ್ಲಿ ಒಬ್ಬ ಬಂದ, ಇನ್ನೊಬ್ಬ ಬಂದ. ಕೊನೆಗೆ ಹೆಗಲೇ ಹೆಚ್ಚಾದವು.

"ಕಾಕಾ, ನೀವು ಮುಂದ," ಎಂದಳು ಅಮರಮ್ಮ.

"ಟವಲ್ ಹಾಕ್ಕೋ ಉರುಕುಂದಾ, ಬಿದಿರು ಒತ್ತತದ," ಎಂದ ಪೀರಾ ಸಾಬ್.

"ಬ್ಯಾಡ."

ಸುಡುಗಾಡು ಊರಾಚೆ ಒಂದು ಮೈಲಿ. ಬಿಸಿಲು ನೆತ್ತಿಗೆ ಬಂದಿತ್ತು. ಬರಿ ಮೈಯಲ್ಲಿ ಮುಂದೆ ನಡೆಯುತ್ತಿದ್ದ ಉರುಕುಂದಪ್ಪನ ಹೆಗಲನ್ನು ಹಸಿ ಬಿದಿರಿನ ಗೆಣ್ಣು ಹೆಜ್ಜೆಹೆಜ್ಜೆಗೂ ಉಜ್ಜುತ್ತಿತ್ತು. "ಭಾರ ಆದ್ರ ಹೇಳು, ಇಳಸೋಣು," ಎಂದು ಹಿಂದಿನಿಂದ ಮೂಕಪ್ಪ ಎರಡು ಸಲ ಕೂಗಿದ. ಚೀಕಲಪರ್ವಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಉರುಕುಂದಪ್ಪ ಅದನ್ನು ನುಂಗಿಕೊಂಡು ನಡೆದ. ನಡುವೆ ಹೆಗಲು ಬದಲಾಯಿಸಲು ಬಂದವರಿಗೂ ಬಿಟ್ಟುಕೊಡಲಿಲ್ಲ.

ಚಟ್ಟ ಇಳಿಸಿದರು. ಕುಣಿಯಲ್ಲಿ ಅವಳನ್ನು ಮಲಗಿಸಿದ ಮೇಲೆ ಅಮರಮ್ಮ ಸುತ್ತಿಟ್ಟ ಚಾಬೂಕನ್ನು ಬಲಗೈಯ ಬಳಿ ಇರಿಸಲು ಕೊಟ್ಟಳು. ತುದಿಯಲ್ಲಿ ಇನ್ನೂ ಬಿಳಿಯಿತ್ತು. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು.

ಎಲ್ಲ ಮುಗಿದು ಕೈಕಾಲು ತೊಳೆಯುವಾಗ ಅಮರಮ್ಮ ಹತ್ತಿರ ಬಂದು, ಹುಬ್ಬು ಗಂಟಿಕ್ಕಿ, ಉರುಕುಂದಪ್ಪನ ಹೆಗಲನ್ನು ಬಗ್ಗಿ ನೋಡಿದಳು. ಶೇಖಮ್ಮನ ಅದೇ ನೋಟ. ಕೈಯಲ್ಲಿ ಕಂದೀಲು ಇರಲಿಲ್ಲ, ಅಷ್ಟೆ.

"ಬಾಸುಂಡಿ ಎದ್ದದ ಕಾಕಾ. ರಕ್ತನೂ ಬಂದದ. ಮನಿಗಿ ಬರ್ರಿ, ಔಷಧ ಹಚ್ತೀನಿ."

ಉರುಕುಂದಪ್ಪ ಕತ್ತು ತಿರುಗಿಸಿ ನೋಡಿಕೊಂಡ. ಹೆಗಲ ಮೇಲೆ ಬೆರಳು ದಪ್ಪದ ಕೆಂಪು ಗೆರೆಯೊಂದು ಬೆನ್ನಿಗೆ ಇಳಿದಿತ್ತು. ಅಂಗಿಯನ್ನು ಹಾಕಿಕೊಳ್ಳದೆ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಮಾನ್ವಿಯ ಬಜಾರಿನ ನಟ್ಟನಡುವೆ ಎಲ್ಲರಿಗೂ ಬೆನ್ನು ಕಾಣುವ ಹಾಗೆ ನಡೆದುಹೋದ.