ಸೀಲು ಒಡೆಯದ ಬಾಟಲಿ

"ಲೇ ಪಟ್ಲಿ! ಗಂಡನ್ ಜೊತೆ ನೀನೂ ನೆಗದ್ಬಿದ್ದೋದ್ಯೇನಮ್ಮಿ? ಎಷ್ಟೊತ್ತು ಕೂಗ್ಬೇಕು? ತತ್ತಾ ಬಾಟ್ಲ!"

ಹೊನ್ನಯ್ಯಗೌಡ ಕೇರಿಯ ಬೀದಿಯಲ್ಲಿ ನಿಂತು, ಮೂಗಿಗೆ ಟವೆಲ್ ಒತ್ತಿಕೊಂಡು ಅರಚುತ್ತಿದ್ದ. ಪಟ್ಟಲಮ್ಮ ನಾಲ್ಕೇ ಮಾರು ದೂರದಲ್ಲಿ, ತನ್ನ ಮನೆಯ ಜಗಲಿಯ ಮೇಲೆ ನಾದಿನಿ ಹೊಂಬಾಳಮ್ಮನ ಜೊತೆ ಕೂತಿದ್ದಳು. ಬೆನ್ನ ಹಿಂದೆ ಕದ ಮುಚ್ಚಿತ್ತು.

"ಅವ್ರು ಉಣ್ತಾವ್ರೆ ಬುದ್ದಿ."

"ಯಾರಮ್ಮಿ?"

"ನಮ್ಮನೆಯವ್ರು. ಎಡೆ ಇಕ್ಕಿ ಕದ ಆಕಿವ್ನಿ. ಉಂಡೋಗಗಂಟ ತೆಗಿಯಂಗಿಲ್ಲ."

ಅಂದು ಪಿತೃಪಕ್ಷದ ಅಮಾವಾಸ್ಯೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಅವರು ಬಂದು ಉಂಡು ಹೋಗುವ ತನಕ ಮನೆಮಂದಿ ಕದ ಮುಚ್ಚಿ ಹೊರಗೆ ಕೂರುವ ದಿನ. ಗೌಡನ ಮನೆಯಲ್ಲೂ ಅದೇ ಪದ್ಧತಿ. ಆದ್ದರಿಂದ ಅವನು ಒಂದು ಸಲ ಕೆಮ್ಮಿದ.

ಒಳಗೆ ಉಣ್ಣುತ್ತಿದ್ದ ಕೆಂಪಸಿದ್ದಯ್ಯ ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದವನು. ಕಾಶ್ಮೀರದ ಗುಡ್ಡಗಳಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಹೇರುವುದು ಅವನ ಕೆಲಸ. ಶತ್ರುಗಳು ಅವನ ಕೂದಲೂ ಕೊಂಕಿಸಲಿಲ್ಲ, ಒಂದು ಹೇಸರಗತ್ತೆ ಮಾತ್ರ ಒದ್ದು ಮುಂದಿನ ಎರಡು ಹಲ್ಲು ಉದುರಿಸಿತ್ತು. ಊರಿಗೆ ಬಂದ ಮೇಲೆ ಆ ಹಲ್ಲುಗಳ ಕಥೆ ಹೇಳುವಾಗ ಹೇಸರಗತ್ತೆ ಹೋಗಿ ಮೊದಲು ಒಬ್ಬ ಶತ್ರು ಬಂದ, ಆಮೇಲೆ ನಾಲ್ವರು ಬಂದರು. ಸಂಜೆ ಏಳಕ್ಕೆ ಸರಿಯಾಗಿ ಎರಡು ಪೆಗ್ಗು ರಮ್ಮಿಗೆ ನೀರು ಬೆರೆಸಿ ಕೂರುತ್ತಿದ್ದ. "ಮಿಲ್ಟ್ರೀಲಿ ಎಲ್ರಿಗೂ ಒಂದೇ ಸೌಟು ಕಣಮ್ಮಿ," ಅನ್ನುತ್ತಿದ್ದ, ದಿನಾ. ಆ ಮಾತು ಕೇಳಿ ಕೇಳಿ ಪಟ್ಟಲಮ್ಮನಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಅದನ್ನು ಹೇಳುವವರಿಲ್ಲದೆ ಸಂಜೆ ಏಳು ಗಂಟೆಯಾದರೆ ಅಳು ಬರುತ್ತಿತ್ತು.

ಅವನು ಸತ್ತ ಮೇಲೆ ಮಿಲಿಟರಿ ಕ್ಯಾಂಟೀನ್ ಕಾರ್ಡು ಅವಳ ಹೆಸರಿಗೆ ಬಂತು. ಪ್ರತಿ ಪಿತೃಪಕ್ಷಕ್ಕೂ ಯಲಿಯೂರಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ, ಒಂದು ಬಾಟಲಿ ರಮ್ಮು ಕೊಂಡು, ಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡು ಬರುತ್ತಿದ್ದಳು. ಅವಳು ಮನೆ ಸೇರುವ ಮೊದಲೇ ಹೊನ್ನಯ್ಯನಿಗೆ ವಾಸನೆ ಸಿಗುತ್ತಿತ್ತು. ಈ ಕೇರಿಯಲ್ಲಿ ಒಂದು ತೊಟ್ಟು ನೀರು ಮುಟ್ಟದ ಮನುಷ್ಯ ಅವನು. ಆದರೆ "ಸೀಲ್ ಬಾಟ್ಲಿಗೆ ಮೈಲಿಗೆ ಇಲ್ಲ ಕಣಮ್ಮಿ" ಎಂಬ ಶಾಸ್ತ್ರವನ್ನು ತಾನೇ ಕಂಡುಹಿಡಿದುಕೊಂಡಿದ್ದ. ಹೀಗಾಗಿ ಮೂರು ಪಿತೃಪಕ್ಷಗಳಿಂದ ಪಟ್ಟಲಮ್ಮ ಸೀಲು ಒಡೆಯದೆಯೇ ಬಾಟಲಿಯನ್ನು ಎಡೆಗಿಡುತ್ತಿದ್ದಳು. ಕೆಂಪಸಿದ್ದಯ್ಯ ಬಂದು ಅದನ್ನು ಬರೀ ನೋಡಿಕೊಂಡು ಹೋಗುತ್ತಿದ್ದ. ಆಮೇಲೆ ಗೌಡ ಒಯ್ಯುತ್ತಿದ್ದ.

"ಇನ್ನೂ ಎಷ್ಟೊತ್ತು ಉಂಡಾನು?" ಹೊನ್ನಯ್ಯ ಕೇಳಿದ.

"ಮುದ್ದೆ ಮುಗ್ದಿರ್ಬೋದು ಬುದ್ದಿ," ಅಂದಳು ಹೊಂಬಾಳಮ್ಮ. "ಬೋಟಿ ಅಂದ್ರೆ ನಮ್ಮಣ್ಣ ವಸಿ ನಿದಾನ. ಮುಂದ್ಲೆರಡು ಅಲ್ಲು ಇಲ್ವಲ್ಲ."

"ನಂಗಲ್ಲ ಕಣ್ರಮ್ಮಿ ರಮ್ಮು! ನಮ್ಮಪ್ಪನ್ ಎಡೇಗೆ. ರಾತ್ರಿ ಕನಸ್ಗೆ ಬಂದು ಮಿಲ್ಟ್ರಿ ರಮ್ಮೇ ಬೇಕು ಅಂತ ಅಟ ಇಡ್ದವ್ನೆ."

"ನಿಮ್ಮಪ್ಪಾರು ಎಂಡನೇ ಮುಟ್ತಿರ್ನಿಲ್ವಲ್ಲ ಬುದ್ದಿ!" ಅಂದಳು ಪಟ್ಟಲಮ್ಮ.

"ಸತ್ಮ್ಯಾಲೆ ಸುರು ಮಾಡವ್ನೆ! ನಿಂಗ್ಯಾಕಮ್ಮಿ ಅದೆಲ್ಲ?"

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಹೊನ್ನಯ್ಯನ ಮುಖ ಕೆಂಪಾಯಿತು. "ನಗ್ರಿ, ಬೋಳಿಮಕ್ಳ! ನಾಳೀಕೆ ನನ್ ಗದ್ದೆ ಬದೀಗೆ ಮುಳ್ಳು ಬೇಲಿ ಆಕುಸ್ತೀನಿ. ಕೇರೀಗೆ ಎಂಗ್ ಬತ್ತೀರೋ ನೋಡ್ತೀನಿ. ಆರ್ಕಂಡ್ ಬರ್ರಿ, ಕಾಗೆಗಳಂಗೆ!"

ನಗು ನಿಂತಿತು. ಕೇರಿಗೆ ಇದ್ದದ್ದು ಆ ಗದ್ದೆಯ ಬದುವೊಂದೇ ದಾರಿ. ಪಟ್ಟಲಮ್ಮ ಎದ್ದು ಕದ ತೆಗೆದು ಒಳಗೆ ಹೋದಳು.

ಗೋಡೆಗೊರಗಿಸಿದ ಫೋಟೊದಲ್ಲಿ ಕೆಂಪಸಿದ್ದಯ್ಯ ಬಾಯಿ ಬಿಗಿ ಹಿಡಿದು ಕೂತಿದ್ದ, ಹಲ್ಲು ಕಾಣಬಾರದೆಂದು. ಎಲೆಯ ಮೇಲೆ ಮುದ್ದೆ, ಬೋಟಿ, ವಡೆ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಖಾಲಿ ಲೋಟ, ಮುಚ್ಚಿದ ಬಾಟಲಿ. ಪಟ್ಟಲಮ್ಮನಿಗೆ ನಾಚಿಕೆಯಾಯಿತು. ಬೇರೆ ಯಾರೇ ನೆಂಟರಿಗೂ ಅವಳು ಹೀಗೆ ಮಾಡುತ್ತಿರಲಿಲ್ಲ.

ಬಾಟಲಿ ತೆಗೆದುಕೊಂಡು ಮುಚ್ಚಳ ತಿರುವಿದಳು. ಕಟಕ್ಕೆಂದಿತು.

"ಅದೇನಮ್ಮಿ ಸಬ್ದ?" ಹೊರಗಿನಿಂದ ಹೊನ್ನಯ್ಯ ಗಾಬರಿಯಲ್ಲಿ ಕೇಳಿದ.

"ಅವ್ರು ಓಪನ್ ಮಾಡುದ್ರು ಬುದ್ದಿ!"

ಲೋಟದ ತುಂಬ ಸುರಿದಳು. ಎರಡು ಪೆಗ್ಗಲ್ಲ, ನಾಲ್ಕಾಗಿತ್ತು. "ಮೂರೊರ್ಸದ್ದು ಬಾಕಿ ಐತೆ, ಕುಡಿ," ಅಂದಳು ಫೋಟೊಗೆ. ಉಳಿದದ್ದನ್ನು ಹೊರಗೆ ತಂದು, ಜಗಲಿಯ ಮೇಲಿದ್ದ ಕುಡಿಯುವ ನೀರಿನ ಬಿಂದಿಗೆಗೆ ಬಾಟಲಿಯನ್ನು ಬೋರಲು ಹಾಕಿದಳು. ಬಿಂದಿಗೆಯ ತಳದಲ್ಲಿ ಎರಡು ಚೊಂಬು ನೀರಿತ್ತು.

"ಅಯ್ಯಯ್ಯಯ್ಯೋ! ಎಲ್ಲ ಆಳ್ಮಾಡ್ಬುಟ್ಯಲ್ಲೇ ಮುಂಡೆ!"

"ನಮ್ಮನೆಯವ್ರು ನೀರು ಬೆರುಸ್ದೆ ಯಾರ್ಗೂ ಕೊಡ್ತಿರ್ನಿಲ್ಲ ಬುದ್ದಿ. ಇದು ನಮ್ಮ್ ನೀರು. ಬೇಕಾದ್ರೆ ಕುಡೀರಿ. ಬ್ಯಾಡ್ದಿದ್ರೆ ಓಗಿ ಬೇಲಿ ಆಕ್ಕಳಿ."

ಹೊಂಬಾಳಮ್ಮ ಚೊಂಬು ಅದ್ದಿ ಕುಡಿದು ಆಹಾ ಅಂದಳು. ಆಮೇಲೆ ಪಕ್ಕದ ಮನೆಯ ಚಿಕ್ಕಬೋರಯ್ಯ ಲೋಟ ಹಿಡಿದು ಬಂದ. ಅವನ ಹಿಂದೆ ಇನ್ನಿಬ್ಬರು ಬಂದರು. ಬಿಂದಿಗೆ ಬೇಗ ಬೇಗ ಇಳಿಯುತ್ತಿತ್ತು. ರಮ್ಮಿನ ಘಮಲು ಬೀದಿಗೆಲ್ಲ ಹರಡಿತು. ಹೊನ್ನಯ್ಯ ಮೂಗಿನ ಮೇಲಿನ ಟವೆಲ್ ತೆಗೆದ.

"ನಿಮ್ಮಪ್ಪಾರ್ಗೆ ಏನೇಳ್ತೀರಾ ಬುದ್ದಿ?" ಚಿಕ್ಕಬೋರಯ್ಯ ಕೇಳಿದ.

"ಸತ್ತೋನ್ಗೆ ಏನ್ ಗೊತ್ತಾಯ್ತದ್ಲಾ," ಅಂದ ಹೊನ್ನಯ್ಯ. ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಜಗಲಿಯ ಬುಡಕ್ಕೆ ಬಂದು ನಿಂತ.

ಪಟ್ಟಲಮ್ಮ ಲೋಟ ಚಾಚಿದಳು.

"ಲೋಟ ಬ್ಯಾಡ," ಅಂದವನು ಕುಕ್ಕರಗಾಲಿನಲ್ಲಿ ಕೂತು ಬೊಗಸೆ ಒಡ್ಡಿದ.

ನಲವತ್ತು ವರ್ಷ ಪಟ್ಟಲಮ್ಮ ಹೊನ್ನಯ್ಯನ ಹಿತ್ತಲಿನಲ್ಲಿ ನೀರು ಕುಡಿದದ್ದು ಹೀಗೆಯೇ. ಅವಳು ಚೊಂಬು ತುಂಬಿಕೊಂಡು ಜಗಲಿಯ ಅಂಚಿಗೆ ಬಂದು ನಿಂತಳು, ಕೈಯನ್ನು ತಲೆಗಿಂತ ಮೇಲಕ್ಕೆತ್ತಿದಳು.

"ಇನ್ನೊಂಚೂರು ಬಗ್ಗಿ ಬುದ್ದಿ," ಅಂದಳು. "ತಾಕ್ಬುಟ್ಟಾತು."

ಹೊನ್ನಯ್ಯ ಬಗ್ಗಿದ.