ಒಂದೂವರೆಯ ವೈರು

ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ಸಿಟ್ಟು ಮೂಗಿನ ತುದಿಗೇ ಬಂದು ಕೂರುತ್ತದೆ. ಭಂಡಿಗಡಿಯಲ್ಲಿ ಒಬ್ಬರು "ಫ್ಯಾನು ಸ್ವಲ್ಪ ನಿಧಾನ ತಿರುಗ್ತದಲ್ಲ ಗೋವಿಂದ" ಅಂದದ್ದಕ್ಕೆ, ಮೂರು ದಿನ ಮಾಡಿದ್ದ ವೈರಿಂಗನ್ನು ಮಧ್ಯಾಹ್ನದೊಳಗೆ ಕಿತ್ತು ಹಾಕಿ ಬಂದವನು ನಾನು. ಕೊಪ್ಪದ ಪೇಟೆಯಲ್ಲಿ ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಮೊದಲು ನಾನೂ ನಗುತ್ತಿದ್ದೆ. ಈಗ ಆ ಮಾತು ಬಂದರೆ ಎದ್ದು ಹೋಗುತ್ತೇನೆ.

ಆ ಕಥೆ ನನ್ನ ಅಕ್ಕ ಕಮಲಕ್ಕನಿಗೂ ಚೆನ್ನಾಗಿ ಗೊತ್ತಿತ್ತು. ಎಸ್ಟೇಟಿನಲ್ಲಿ ಕಳೆ ತೆಗೆದು, ಕಾಫಿ ಹಣ್ಣು ಕೊಯ್ದು ನನ್ನನ್ನು ಐಟಿಐ ಓದಿಸಿದವಳು ಅವಳು. "ನಮ್ಮ ಗೋವಿಂದ ಕರೆಂಟಿನ ಲೆಕ್ಕ ಬಲ್ಲವ" ಎಂದು ಕಂಡಕಂಡವರಿಗೆಲ್ಲ ಹೇಳದಿದ್ದರೆ ಅವಳಿಗೆ ಉಂಡದ್ದು ಕರಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಕ್ಕನ ಶ್ವಾಸಕೋಶ ಹಾಳಾಗಿದೆ ಎಂದರು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಸಾಕಾಗಿ, ಮೆಣಸೆಯ ತನ್ನ ಮನೆಗೇ ಹೋಗಬೇಕೆಂದು ಹಟ ಹಿಡಿದಳು. ಕರೆದುಕೊಂಡು ಹೋಗಿ, ಆದರೆ ಆಕ್ಸಿಜನ್ ಮಿಷನ್ ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು ಎಂದರು ಡಾಕ್ಟರು. ಮೂಗಿನ ನಳಿಗೆ ತೆಗೆದು ಐದು ನಿಮಿಷ ಇರಬಹುದು, ಅದಕ್ಕಿಂತ ಹೆಚ್ಚು ಬೇಡ. ಒಂದು ಸಂಘದವರು ಮಿಷನ್ ಎರವಲು ಕೊಟ್ಟರು. ವೋಲ್ಟೇಜು ನೂರ ತೊಂಬತ್ತಕ್ಕಿಂತ ಇಳಿದರೆ ಅದು ಕೂಗಿ ನಿಂತುಬಿಡುತ್ತದೆ, ಜೋಪಾನ ಎಂದೂ ಹೇಳಿದರು.

"ಕರೆಂಟಿನ ಚಿಂತೆ ನಂಗೆ ಬಿಡಿ," ಅಂದೆ.

ಅಕ್ಕನ ಕರೆಂಟ್ ಮೀಟರ್ ಇದ್ದದ್ದು ರಸ್ತೆ ಬದಿಯ ಹಳೇ ಮನೆಯ, ಬೀಳದೆ ಉಳಿದಿದ್ದ ಗೋಡೆಯಲ್ಲಿ. ಆ ಮನೆ ಕುಸಿದ ಮೇಲೆ ಅಕ್ಕ, ಮಗಳು ಮಲ್ಲಿಕಾ ಇಬ್ಬರೂ ಹಿಂದಿನ ಗುಡ್ಡದ ಮೇಲೆ ಎರಡು ಕೋಣೆ ಕಟ್ಟಿಕೊಂಡಿದ್ದರು. ಮೇಲಕ್ಕೆ ಹೋಗಿದ್ದ ಹಳೇ ವೈರಿನಲ್ಲಿ ಐದು ಕಡೆ ಗಂಟು. ಅದರಲ್ಲಿ ಬಲ್ಬು ಉರಿಯುತ್ತಿದ್ದುದೇ ಪುಣ್ಯ. ನಾನು ಹಗ್ಗ ಹಿಡಿದು, ಅಪ್ಪ ಬಾವಿಯ ಆಳ ಅಳೆಯುತ್ತಿದ್ದ ಹಾಗೆ ಎರಡೂ ತೋಳು ಚಾಚಿ ಮಾರು ಹಾಕುತ್ತಾ ಗುಡ್ಡ ಹತ್ತಿದೆ. ನೂರ ಹತ್ತು ಮಾರು. ಅಂದರೆ ಇನ್ನೂರು ಮೀಟರ್.

ವೈರು ಸಪೂರವಾದಷ್ಟೂ, ಉದ್ದವಾದಷ್ಟೂ ಕರೆಂಟಿಗೆ ತಡೆ ಜಾಸ್ತಿ. ತಡೆ ಜಾಸ್ತಿಯಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಯಾವ ಸೈಜಿನ ವೈರಿಗೆ ಎಷ್ಟು ತಡೆ ಎಂಬ ಪಟ್ಟಿ ನನ್ನ ಐಟಿಐ ನೋಟ್‌ಬುಕ್ಕಿನಲ್ಲಿತ್ತು. ಕಿಲೋಮೀಟರಿಗೆ ಒಂದೂವರೆಯ ವೈರು, ಅಂದರೆ ಒಂದೂವರೆ ಚದರ ಮಿಲಿಮೀಟರ್ ದಪ್ಪದ್ದು, ಹನ್ನೆರಡು ಓಮ್, ಎರಡೂವರೆಯದು ಏಳು ಚಿಲ್ಲರೆ, ನಾಲ್ಕರದು ನಾಲ್ಕೂವರೆ ಚಿಲ್ಲರೆ. ಒಂದೇ ಕವಚದೊಳಗೆ ಎರಡು ಎಳೆ ಇರುವ ಒಂದೂವರೆಯ ವೈರು ಕೊಪ್ಪದ ಧರ್ಮೇಶನ ಅಂಗಡಿಯಲ್ಲಿ ಸಿದ್ಧವಿತ್ತು. ಅವನ ಕೌಂಟರಿನ ಮೇಲೇ ಲೆಕ್ಕ ಹಾಕಿದೆ. ಇನ್ನೂರು ಮೀಟರಿಗೆ ಎರಡು ಪಾಯಿಂಟ್ ನಾಲ್ಕು ಓಮ್. ಮಿಷನ್, ಫ್ರಿಜ್, ಬಾವಿಗೆ ನಾನು ಹಾಕಿಸಬೇಕೆಂದಿದ್ದ ಅರ್ಧ ಎಚ್‌ಪಿ ಪಂಪು ಎಲ್ಲ ಸೇರಿ ಏಳು ಆಂಪಿಯರ್. ಸೋರುವುದು ಹದಿನೇಳು ವೋಲ್ಟ್. ಬೇಸಗೆಯಲ್ಲಿ ಎಲ್ಲರ ತೋಟದ ಪಂಪೂ ನಡೆದು ಕಂಬದಲ್ಲಿ ಇನ್ನೂರ ಹದಿನೈದಕ್ಕೆ ಇಳಿದರೂ ಮನೆಗೆ ನೂರ ತೊಂಬತ್ತೆಂಟು ಸಿಕ್ಕುತ್ತದೆ. ಧಾರಾಳ ಸಾಕು.

"ಯಾವುದಕ್ಕೂ ನಾಲ್ಕರದ್ದು ಹಾಕು ಮಾರಾಯ," ಅಂದ ಧರ್ಮೇಶ್. "ಬುಧವಾರ ಬರ್ತದೆ. ಎರಡು ದಿನ ಕಾದ್ರೆ ಎಂತ ಗಂಟು ಹೋಗ್ತದೆ?"

"ನೀನು ಬಲ್ಬ್ ಮಾರು. ಲೆಕ್ಕ ನಂಗೆ ಬಿಡು," ಅಂದೆ.

ಮರುದಿನವೇ ವೈರು ಎಳೆದೆ. ಪಂಪು ಕೂರಿಸಿದೆ. ಅಕ್ಟೋಬರ್ ತಿಂಗಳು, ಯಾರ ತೋಟಕ್ಕೂ ನೀರು ಬೇಡ, ಕಂಬದಲ್ಲಿ ಇನ್ನೂರ ಮೂವತ್ತು. ಎಲ್ಲವನ್ನೂ ಒಟ್ಟಿಗೆ ಹಾಕಿ ತೋರಿಸಿದೆ. ಮಿಷನ್ ಕೂಗದೆ ನಡೆಯಿತು, ನಲ್ಲಿಯಲ್ಲಿ ನೀರು ಬಂತು. ಅಕ್ಕ ನಲ್ಲಿ ತಿರುಗಿಸಿ ಕೈಯೊಡ್ಡಿ, ಸುಮ್ಮನೆ ನೀರು ಬಿಟ್ಟುಕೊಂಡು ನಿಂತಳು.

"ಇನ್ನು ನೀನು ಕೊಡ ಮುಟ್ಟಿದ್ರೆ ನೋಡು," ಅಂದೆ.

ವಾರವಾರ ಫೋನು ಮಾಡುತ್ತಿದ್ದೆ. "ವೋಲ್ಟೇಜ್ ಹೆಂಗಿದೆ ಅಕ್ಕಾ?" ಅದೇ ನನ್ನ ಮೊದಲ ಪ್ರಶ್ನೆ. "ನಿನ್ನ ವೈರಿಗೆ ಎಂತ ಆಗ್ತದೆ ಮಾರಾಯ, ಚಂದ ಇದೆ," ಅನ್ನುತ್ತಿದ್ದಳು. ಉಸಿರು ಹೇಗಿದೆ ಎಂದು ನಾನು ಎಷ್ಟು ಸಲ ಕೇಳಿದೆನೋ, ನೆನಪಾಗುವುದಿಲ್ಲ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಕೆಳಮನೆಯ ಐತ ಫೋನು ಮಾಡಿದ. "ಗೋವಿಂದಣ್ಣಾ, ಕಮಲಕ್ಕ ಬಾವಿಕಟ್ಟೆ ಹತ್ರ ಬಿದ್ದಾಳೆ. ಬೇಗ ಬಾ."

ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂಗಿನಲ್ಲಿ ನಳಿಗೆ ಇರಲಿಲ್ಲ, ಕೊಡ ಕಟ್ಟೆಯ ಬುಡದಲ್ಲಿ ಉರುಳಿತ್ತು. ಹೇಗಿದ್ದರೂ ಈ ಮಳೆಗಾಲ ದಾಟುವುದು ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಸಮಾಧಾನ ಹೇಳಿದರು. ನನಗೆ ಬಂದದ್ದು ಸಿಟ್ಟು. "ಪಂಪ್ ಇದ್ದೂ ಬಾವಿಗೆ ಯಾಕೆ ಹೋದೆ? ನಿಂಗೆ ಎಷ್ಟು ಹೇಳಿದ್ರೂ ಅಷ್ಟೇ!" ಎಂದು ಹೆಣದ ಎದುರು ನಿಂತು ಕೂಗಿದೆ. ಮಲ್ಲಿಕಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮಿಷನ್ ವಾಪಸು ಕೊಡಬೇಕಿತ್ತು. ಸರಿಯಾಗಿ ನಡೆಯುತ್ತದೋ ಎಂದು ನೋಡಲು ಸ್ವಿಚ್ ಹಾಕಿದೆ. ನಡೆಯಿತು. ಕೈಕಾಲು ತೊಳೆಯೋಣ ಎಂದು ನಲ್ಲಿ ತಿರುಗಿಸಿದರೆ ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಪಂಪ್ ಹಾಕಿದೆ. ಮಿಷನ್ ಕೀ ಕೀ ಎಂದು ಕೂಗತೊಡಗಿತು.

ಅಡುಗೆಮನೆಯಿಂದ ಮಲ್ಲಿಕಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪಂಪಿನ ಸ್ವಿಚ್ ಆರಿಸಿದಳು. ಮಂಚದ ಕಡೆ ತಿರುಗಿದಳು. ಮಂಚ ಖಾಲಿಯಿತ್ತು.

"ಎಂತಕ್ಕೆ ಆಫ್ ಮಾಡಿದ್ದು?"

"ಅಭ್ಯಾಸ ಮಾವ."

"ಎಂತ ಅಭ್ಯಾಸ?"

ಅವಳು ಸೀರೆಯ ತುದಿಗೆ ಕೈ ಒರೆಸುತ್ತಾ ಹೇಳಿದಳು. "ಜನವರಿಯಿಂದ ಎಲ್ಲರ ತೋಟಕ್ಕೂ ನೀರು ಬಿಡೋಕೆ ಶುರು ಆಯ್ತಲ್ಲ. ಆವಾಗಿಂದ ಯಾವಾಗ ಪಂಪ್ ಹಾಕಿದ್ರೂ ಮಿಷನ್ ನಿಂತು ಹೋಗ್ತಿತ್ತು. ಟ್ಯಾಂಕ್ ತುಂಬೋಕೆ ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಅಮ್ಮಂಗೆ ತಡೀತಿರ್ಲಿಲ್ಲ. ನಾನು ಬೆಳಿಗ್ಗೆ ನೀರು ಸೇದಿಟ್ಟು ಶೃಂಗೇರಿಗೆ ಕೆಲಸಕ್ಕೆ ಹೋಗ್ತಿದ್ದೆ. ಸಾಕಾಗ್ದೇ ಇದ್ದ ದಿನ ಅಮ್ಮ ಒಂದು ಕೊಡ ಸೇದ್ತಿದ್ಲು. ಬ್ಯಾಡ ಅಂದ್ರೆ, ಐದು ನಿಮಿಷ ನಳಿಗೆ ತೆಗೀಬಹುದು ಅಂತ ಡಾಕ್ಟ್ರೇ ಹೇಳಿದಾರಲ್ಲ ಅಂತಿದ್ಲು."

"ನಂಗೊಂದು ಫೋನ್ ಮಾಡೋಕೆ ಎಂತ ಧಾಡಿ ನಿಮಗೆ?"

ಮಲ್ಲಿಕಾ ಅಡುಗೆಮನೆಗೆ ವಾಪಸು ಹೋದಳು.

ಮತ್ತೆ ಪಂಪ್ ಹಾಕಿ ನನ್ನ ಕೈಮೀಟರಿನಲ್ಲಿ ವೋಲ್ಟೇಜು ನೋಡಿದೆ. ನೂರ ಎಂಬತ್ತೊಂದು. ಕೆಳಗೆ ಓಡಿ ಕಂಬದಿಂದ ಬರುವ ತುದಿಯಲ್ಲಿ ಅಳೆದೆ. ಇನ್ನೂರ ಹದಿನೈದು. ನಾನು ಹೇಳಿದಷ್ಟೇ. ಹಾಗಾದರೆ ವೈರೇ ಮೋಸದ್ದು, ಧರ್ಮೇಶ ಕಳಪೆ ಮಾಲು ಕೊಟ್ಟಿದ್ದಾನೆ, ಅವನ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡೆ. ಮೇನ್ ಸ್ವಿಚ್ ಆರಿಸಿ, ಮೇಲೆ ಹೋಗಿ ಆ ತುದಿ ಬಿಚ್ಚಿ ಎರಡೂ ಎಳೆ ಒಂದಕ್ಕೊಂದು ಸುತ್ತಿದೆ. ಕೆಳಗೆ ಬಂದು ಇಲ್ಲಿಯ ತುದಿಯನ್ನೂ ಬಿಚ್ಚಿ, ಎರಡು ಎಳೆಗಳ ನಡುವೆ ತಡೆ ಅಳೆದೆ. ನಾಲ್ಕು ಪಾಯಿಂಟ್ ಎಂಟು ಓಮ್.

ಎರಡು ಪಾಯಿಂಟ್ ನಾಲ್ಕರ ಎರಡರಷ್ಟು. ವೈರಿನಲ್ಲಿ ಏನೂ ಮೋಸವಿರಲಿಲ್ಲ. ಕರೆಂಟು ಒಂದು ಎಳೆಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬರಬೇಕು. ಇನ್ನೂರು ಮೀಟರ್ ದಾರಿಗೆ ನಾನೂರು ಮೀಟರ್ ವೈರು. ಎರಡು ಎಳೆ ಒಂದೇ ಕವಚದಲ್ಲಿದ್ದದ್ದಕ್ಕೆ, ಮಾರು ಹಾಕಿದಷ್ಟೇ ವೈರು ಎಂದು ನಾನು ಹೋಗುವುದನ್ನು ಮಾತ್ರ ಲೆಕ್ಕ ಹಿಡಿದಿದ್ದೆ. ಐಟಿಐ ಮೊದಲ ವರ್ಷದ ಪಾಠ ಅದು. ನಾಲ್ಕರ ವೈರಿಗೆ ಎರಡು ದಿನ ಕಾದಿದ್ದರೆ ನನ್ನ ತಪ್ಪು ಲೆಕ್ಕವನ್ನೂ ಅದು ತಾಳಿಕೊಳ್ಳುತ್ತಿತ್ತು, ಅಕ್ಕ ಕೊಡ ಮುಟ್ಟುತ್ತಿರಲಿಲ್ಲ.

ಆಮೇಲೆ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಗುಡ್ಡ ಹತ್ತುತ್ತಾ ಮರಮರಕ್ಕೂ ಕಟ್ಟಿದ್ದ ವೈರನ್ನು ಜಗ್ಗಿದೆ. ಅಂಗಳಕ್ಕೆ ಬಂದು ಕಟಿಂಗ್ ಪ್ಲೇಯರ್ ತೆಗೆದು ತುಂಡು ತುಂಡು ಮಾಡಲು ಶುರು ಮಾಡಿದೆ.

ಮಲ್ಲಿಕಾ ಬಂದು ನನ್ನ ಮಣಿಕಟ್ಟು ಹಿಡಿದಳು.

"ಇದಕ್ಕೇ ಮಾವ, ಅಮ್ಮ ನಿಂಗೆ ಹೇಳದೇ ಇದ್ದಿದ್ದು," ಅಂದಳು. "ಕೇಳಿದ್ರೆ ಎಲ್ಲಾ ಕಿತ್ತು ಬಿಸಾಕ್ತಾನೆ, ಆಮೇಲೆ ಅವ್ನೇ ಕೂತು ಅಳ್ತಾನೆ, ನಂಗೆ ನೋಡೋಕಾಗಲ್ಲ ಅಂತಿದ್ಲು."

ಪ್ಲೇಯರ್ ಕೈಯಿಂದ ಬಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಒಳಗಿಂದ ಅದೇ ಕೊಡ ತಂದಳು. ರಾತ್ರಿಯ ಅಡುಗೆಗೆ ನೀರಿಲ್ಲ ಅಂದಳು. ನಾನು ಇಸಿದುಕೊಂಡು ಬಾವಿಕಟ್ಟೆಗೆ ಹೋದೆ. ಹಗ್ಗ ಬಿಟ್ಟೆ, ನೀರು ತೀರಾ ಆಳದಲ್ಲಿತ್ತು. ಕಬ್ಬಿಣದ ಹಾಗಿರುವ ನನ್ನ ಎದೆ ಎರಡನೆಯ ಕೊಡ ಎಳೆಯುವಾಗಲೇ ಏದುಸಿರು ಬಿಡತೊಡಗಿತು. ಕಟ್ಟೆಗೆ ಕೈಯೂರಿ ನಿಂತೆ, ಉಸಿರು ತಹಬಂದಿಗೆ ಬರುವವರೆಗೆ. ಅಕ್ಕನೂ ಇಲ್ಲೇ ಕೈಯೂರಿ ನಿಂತಿರಬೇಕು.