ಕೊರಳಿನ ಕೀಲಿ

ಹೆಣಕ್ಕೆ ಮೂರನೆಯ ಕೊಡ ನೀರು ಸುರಿಯುವಾಗ ಸಾಯಮ್ಮನ ಕೈ ನಿಂತಿತು. ಈಶಮ್ಮನ ಕೊರಳಿನ ಒದ್ದೆ ಕರಿದಾರದಲ್ಲಿ ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿ ಎದೆಗೆ ಅಂಟಿಕೊಂಡಿತ್ತು.

"ಇರ್ಲಿ ಬಿಡು. ಅಕಿ ಜೀವೆಲ್ಲ ಇದ್ರಾಗೇ ಇತ್ತು. ಜೋಡೀನೇ ಮಣ್ಣಿಗಿ ಹೋಗ್ಲಿ," ಎಂದಳು ನೆರೆಮನೆಯ ಸಾಯಮ್ಮ.

ಈಶಮ್ಮನ ಸೊಸೆ ಶಿಲ್ಪಾರಾಣಿ, ಗೋಡೆಗೆ ಒತ್ತಿಕೊಂಡು ನಿಂತಿದ್ದ ಹುಡುಗಿಯನ್ನು ನೋಡಿದಳು. ಕುರಿ ಕಾಯುವ ಕಲ್ಯಾಣಪ್ಪನ ಮಗಳು ಶಿರೀಷಾ, ಕೈಯಲ್ಲಿ ಅಂಕಪಟ್ಟಿ. ನರ್ಸಿಂಗ್ ಅರ್ಜಿಗೆ ಇವತ್ತೇ ಕೊನೆಯ ದಿನ. ತೆಲಂಗಾಣ ಬೇಕೆಂಬ ಮುಷ್ಕರದಲ್ಲಿ ಬಸ್ಸು ನಿಂತು ತಿಂಗಳಾಗುತ್ತ ಬಂದಿತ್ತು, ಅರ್ಜಿ ತುಂಬಲು ನಾರಾಯಣಖೇಡ ಪಟ್ಟಣಕ್ಕೆ ಹೋಗುವ ದಾರಿಯಿಲ್ಲ. ಅವರ ಊರು ಮನೂರಿಗೆ ಕರೆಂಟು ಬರುವುದು ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ.

"ನಿನ್ನಿ ಅರ್ಧಕ್ಕೇ ಕರೆಂಟ್ ಹೋತು. ಈಶಮ್ಮ ಆಯಿ ನಾಳಿ ಎರಡಕ್ಕ ಬಾ ಅಂದಿದ್ಳು," ಎಂದಳು ಶಿರೀಷಾ, ನೆಲ ನೋಡುತ್ತ.

"ಇಂಥಾ ಹೊತ್ತಿನಾಗ ಕಾಗದ ಹಿಡ್ಕೊಂಡು ಬಂದೀಯಲ್ಲ ಪೋರಿ! ನಿಮ್ಮ ಕುರಿಗ್ಯಾದ್ರೂ ತಿಳೀತದ," ಎಂದು ಸಾಯಮ್ಮ ಗದರಿದಳು.

*

ಶಾಲೆಯ ಕಸ ಗುಡಿಸುತ್ತಿದ್ದ ಈಶಮ್ಮನಿಗೆ ಓದು ಬರುತ್ತಿರಲಿಲ್ಲ. ಶಾಲೆಗೆ ಮೂರು ಕಂಪ್ಯೂಟರು, ಇಂಟರ್ನೆಟ್ಟು ಬಂದಾಗ, ಸಂಜೆ ಊರವರಿಗಾಗಿ ಕೋಣೆ ತೆರೆದಿಟ್ಟುಕೊಂಡು ಯಾರು ಕೂಡುತ್ತೀರಿ ಎಂದು ಹೆಡ್‌ಮಾಸ್ತರ ಕಾಶಿರಾಮ ಕೇಳಿದರು. ಮಾಸ್ತರರೆಲ್ಲ ಗಡಿಯಾರ ನೋಡಿದರು. "ನಾ ಕೂಡ್ತೀನ್ರಿ ಸರ್," ಎಂದವಳು ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಈಶಮ್ಮ.

ಮನೆಗೆ ಬಂದವಳೇ, ಪರದೆಯ ಮೇಲೆ ಕಂಡ ಅಕ್ಷರಗಳನ್ನು ಒಲೆ ಪಕ್ಕದ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದಳು.

"ಇದೇನದವಾ?"

ರೊಟ್ಟಿ ಬಡಿಯುತ್ತಲೇ ಶಿಲ್ಪಾರಾಣಿ ಓದುತ್ತಿದ್ದಳು. "ಸಬ್ಮಿಟ್ ಅತ್ತಿ. ಕಡೀಗಿ ಒತ್ತೋದು."

"ನೀನೂ ಬಾ ಸಾಲಿಗಿ. ನಾ ಬಾಗಿಲ ತಗೀತೀನಿ, ನೀ ಓದು."

"ರೊಟ್ಟಿ ಯಾರು ಬಡೀಬೇಕು, ನಿಮ್ಮ ಕಂಪ್ಯೂಟರ?"

ಇಬ್ಬರೂ ನಗುತ್ತಿದ್ದರು. ಹತ್ತನೆಯ ತರಗತಿ ಮುಗಿಸಿ ಬಂದ ಶಿಲ್ಪಾರಾಣಿಗೆ ಮದುವೆಯ ನಂತರ ಏನನ್ನಾದರೂ ಓದು ಎಂದು ಹೇಳಿದವಳು ಅತ್ತೆಯೊಬ್ಬಳೇ. ಮರುದಿನ ಕಲ್ಲು ತೊಳೆಯುವಾಗ ಶಿಲ್ಪಾರಾಣಿ ಸಬ್ಮಿಟ್ ಎಂಬ ಆ ಒಂದು ಪದವನ್ನು ಅಳಿಸದೆ ಉಳಿಸುತ್ತಿದ್ದಳು. ಯಾಕೆಂದು ತನಗೂ ಹೇಳಿಕೊಂಡಿರಲಿಲ್ಲ.

ಮುಷ್ಕರ, ಊರವರ ಬಾಯಲ್ಲಿ ಸಮ್ಮಿ, ಶುರುವಾದಾಗ ಈಶಮ್ಮ ಬೆಳಿಗ್ಗೆ ರಸ್ತೆಯ ಮೇಲೆ ಒಲೆ ಹೂಡಿ ಮುಷ್ಕರದವರಿಗೆ ಅನ್ನ ಬೇಯಿಸಿದಳು, ಕರೆಂಟು ಬಂದಾಗ ಕೋಣೆ ತೆರೆದಳು.

"ಸಮ್ಮಿ ಅದ ಈಶಮ್ಮ, ಕೀಲಿ ಹಾಕು," ಎಂದರು ಕಾಶಿರಾಮ.

"ಸಮ್ಮಿ ಸರ್ಕಾರದ ಮ್ಯಾಲ ಅದರಿ ಸರ್, ಈ ಪೋರ್ಯಾರ ಮ್ಯಾಲ ಅಲ್ಲ."

ಅವರು ಕೀಲಿ ವಾಪಸು ಕೇಳಲಿಲ್ಲ.

*

ಈಶಮ್ಮನ ಕೊರಳಿನ ಒದ್ದೆ ದಾರದ ಗಂಟು ಬಿಚ್ಚಲು ಬರಲಿಲ್ಲ. "ಅಕ್ಕಾ, ತಲಿ ಸ್ವಲ್ಪ ಎತ್ತಿ ಹಿಡೀರಿ," ಎಂದು ಶಿಲ್ಪಾರಾಣಿ ದಾರವನ್ನು ಮೇಲಿನಿಂದ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು.

"ಹೆಣ ಬಿಟ್ಟು ಸೊಸಿ ಸಾಲಿಗಿ ಹೊಂಟ್ಳಲ್ಲೇ!" ಸಾಯಮ್ಮ ಬಾಯಿ ಮೇಲೆ ಕೈಯಿಟ್ಟಳು.

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಗಂಡ ದೇವಿದಾಸ ತಲೆಯೆತ್ತಿದ. ಹೆಂಡತಿಯ ಕೊರಳು ನೋಡಿದ.

"ಹೋಗು. ಅವ್ವಗ ಸಾಲಿ ಮುಂದೇ ಇಳಸ್ತೀವಿ."

ದಾರಿಯ ನಡುವೆ ಒಮ್ಮೆ ಚಟ್ಟ ಇಳಿಸಿ, ಸತ್ತವರ ಕಿವಿಯಲ್ಲಿ ಕರೆಯುವುದು ಅವರ ಪದ್ಧತಿ.

ಕೋಣೆಯಲ್ಲಿ ಹಸಿರು ದೀಪ ಮಿಣುಕಿತು. ಶಿರೀಷಾ ಕಂಪ್ಯೂಟರಿನ ಮುಂದೆ ಕೂತಳು, ಶಿಲ್ಪಾರಾಣಿ ಅವಳ ಪಕ್ಕ ನಿಂತಳು. ಒಂದೊಂದೇ ಸಾಲು ಓದಿ ಹೇಳಿ ತುಂಬಿಸಿದಳು. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಹತ್ತಿರವಾಯಿತು. ಕೊನೆಗೆ, ಒಲೆಗಲ್ಲಿನ ಮೇಲೆ ತಾನು ಎಷ್ಟೋ ಸಲ ಉಳಿಸಿದ್ದ ಪದ ಪರದೆಯ ಮೇಲೆ ಬಂತು.

"ಒತ್ತವಾ."

ಅರ್ಜಿಯ ನಂಬರು ಮೂಡಿತು. ಶಿರೀಷಾ ಅಂಗೈ ಮೇಲೆ ಬರೆದುಕೊಳ್ಳುವಷ್ಟರಲ್ಲಿ ಫ್ಯಾನು ನಿಂತು, ಪರದೆ ಕಪ್ಪಾಯಿತು.

ಹೊರಗೆ ಬೇವಿನಡಿ ಚಟ್ಟ ಇಳಿಸಿದ್ದರು. ದೇವಿದಾಸ ಮೂರು ಸಲ "ಯವ್ವಾ" ಎಂದು ಕರೆದು ಎದ್ದ. ಶಿಲ್ಪಾರಾಣಿ ಮೆಟ್ಟಿಲಿಳಿದು ಬಂದು ಮೊಣಕಾಲೂರಿದಳು.

"ಅತ್ತಿ, ಪೋರಿ ಅರ್ಜಿ ಮುಟ್ಟಿತು."

ಅವಳು ಕಿವಿಯ ಹತ್ತಿರ ಬಗ್ಗಿದಾಗ ಕೊರಳಿನ ಕೀಲಿ ಮುಂದಕ್ಕೆ ತೂಗಿ, ಅತ್ತೆಯ ಅರಿಶಿನ ಹಚ್ಚಿದ ಕೆನ್ನೆಯನ್ನು ಮುಟ್ಟಿತು. ಎದ್ದು ನಿಂತಾಗ ಅದರ ತುದಿ ಹಳದಿಯಾಗಿತ್ತು.